ಗೆರೆ ನೆಟ್ಟಗಿದೆ

ಮಾರ್ಚ್ 4, ಮಂಗಳವಾರ

ಇವತ್ತು ಗೆರೆ ನೆಟ್ಟಗೆ ಬಂತು.

ಮೈಕನ್ನು ಕುರ್ಚಿಯ ಬೆನ್ನಿಗೆ ಕಟ್ಟಿದೆ. ಕುರ್ಚಿಯಲ್ಲಿ ಕೂತವರ ಕಿವಿ ಎಲ್ಲಿರುತ್ತದೋ ಸರಿಯಾಗಿ ಅಲ್ಲಿ. ಗುಂಯ್ ಎಂದು ಶುರುವಾಗಿ ಕೀರಲಾಗುತ್ತ ಏರುವ ಪರೀಕ್ಷೆಯ ಸದ್ದನ್ನು ಸ್ಪೀಕರಿಗೆ ಕೊಟ್ಟೆ. ಯಾವ ಸದ್ದು ಎಷ್ಟು ಜೋರಾಗಿ ಬಂತೆಂದು ತೋರಿಸುವ ಗೆರೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಎಡದಿಂದ ಬಲಕ್ಕೆ ಹೊರಟಿತು. ಎಲ್ಲೂ ಉಬ್ಬಲಿಲ್ಲ, ಎಲ್ಲೂ ಕುಸಿಯಲಿಲ್ಲ. ಎರಡು ಡೆಸಿಬೆಲ್ಲಿನ ಒಳಗೆ, ಮೇಜಿನ ಅಂಚಿನ ಹಾಗೆ. ನಂಬಿಕೆಯಾಗದೆ ಮತ್ತೆ ಅಳೆದೆ. ಅದೇ ಗೆರೆ.

ಹೇಳೋಣವೆಂದು ತಿರುಗಿದರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾನೊಬ್ಬನೇ. ಯಜಮಾನರು ಮುಂದುಗಡೆ ಗಿರಾಕಿಯ ಜೊತೆ ಇದ್ದರು. ನನ್ನ ಜೊತೆ ಕೆಲಸ ಮಾಡುವ ಕಿವಿಯಣ್ಣ ಊಟಕ್ಕೆ ಹೋಗಿದ್ದ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬೇರೆಯವರ ಸ್ಪೀಕರ್ ಮಾರಿ ಮಾರಿ ಯಜಮಾನರಿಗೆ ಸಾಕಾಗಿದೆಯಂತೆ, ನಮ್ಮ ಅಂಗಡಿಯದೇ ಒಂದು ಆಗಬೇಕಂತೆ. ಎರಡು ಮಾದರಿ ತಯಾರಾಗಿವೆ. ಎರಡಕ್ಕೂ ಪೆಟ್ಟಿಗೆ ಒಂದೇ. ಕೆಳಗಿನ ದೊಡ್ಡ ಕೋನು, ಮೇಲಿನ ಪುಟ್ಟ ಟ್ವೀಟರು ಎಲ್ಲ ಒಂದೇ. ಬೇರೆಯಾಗುವುದು ಕ್ರಾಸೋವರ್ ಮಾತ್ರ, ಅಂದರೆ ಬಂದ ಸದ್ದಿನಲ್ಲಿ ದಪ್ಪನೆಯದನ್ನು ಕೋನಿಗೂ ಸಣ್ಣನೆಯದನ್ನು ಟ್ವೀಟರಿಗೂ ಹಂಚಿಕೊಡುವ ಸರ್ಕ್ಯೂಟು. ಒಂದನ್ನು ಕಿವಿಯಣ್ಣ ಬರೀ ಕೇಳಿ ಕೇಳಿ ಮಾಡಿದ್ದಾನೆ. ಇನ್ನೊಂದನ್ನು ನಾನು ಅಳೆದು ಅಳೆದು ಮಾಡಿದ್ದೇನೆ. ಎರಡರಲ್ಲಿ ಒಂದು ಅಂಗಡಿಯ ಸ್ಪೀಕರ್ ಆಗುತ್ತದೆ.

ನನ್ನದೇ ಆಗಬೇಕು. ಸ್ಕೂಲು ಮುಗಿಸದವನು ನಾನು. ತೋರಿಸುವುದಕ್ಕೆ ನನ್ನ ಹತ್ತಿರ ಬೇರೆ ಯಾವ ಕಾಗದವೂ ಇಲ್ಲ, ಈ ಗೆರೆಯೊಂದೇ.

ಮಾರ್ಚ್ 5, ಬುಧವಾರ

ಕಿವಿಯಣ್ಣ ನನ್ನ ಸ್ಪೀಕರ್ ಕೇಳಿದ. ಕೇಳಿದ ಅನ್ನುವುದೂ ದೊಡ್ಡ ಮಾತು. ತನ್ನ ಗಿಡ್ಡ ಸ್ಟೂಲಿನ ಮೇಲೆ ಬಗ್ಗಿ ಕೂತು ಯಾವುದೋ ಹಳೇ ಆಂಪ್ಲಿಫೈಯರಿಗೆ ಬೆಸುಗೆ ಹಾಕುತ್ತಿದ್ದವನು ತಲೆಯನ್ನೂ ಎತ್ತಲಿಲ್ಲ.

“ಏನೋ ಮೀಟರ್, ಹಾಡೋಳ್ನ ಎಲ್ಲಿಗೆ ಕಳಿಸ್ಬಿಟ್ಟೆ?”

“ಎಲ್ಲಿಗೂ ಕಳಿಸಿಲ್ಲ. ಇಲ್ಲೇ ಇದ್ದಾಳೆ.”

“ಇಲ್ಲೇ ಅಂದ್ರೆ ಎಲ್ಲಿ? ಅಡುಗೆಮನೆ ಬಾಗಿಲಲ್ಲಿ ನಿಂತ್ಕೊಂಡು ಹಾಡ್ತಿದ್ದಾಳೆ. ಒಳಗೆ ಬಾರಮ್ಮ ಅಂತ ಕರಿ ಅವಳನ್ನ.”

ಗೆರೆಯ ಪ್ರಿಂಟ್ ತೋರಿಸಿದೆ. ಅದರ ಮೇಲೆ ಕಾದ ಬೆಸುಗೆ ಕಡ್ಡಿ ಇಟ್ಟು ಸಣ್ಣ ತೂತು ಮಾಡಿ ವಾಪಸ್ ಕೊಟ್ಟ. “ಈಗ ಸ್ವಲ್ಪ ಗಾಳಿ ಆಡುತ್ತೆ ನೋಡು.”

ಯಜಮಾನರೂ ನಕ್ಕರು. ನನಗೆ ನಗು ಬರಲಿಲ್ಲ.

ಇಪ್ಪತ್ತು ವರ್ಷದಿಂದ ಈ ಅಂಗಡಿಯಲ್ಲಿದ್ದಾನೆ. ಕಿವಿ, ಕಿವಿ ಎಂದು ಜನ ಹೊಗಳಿ ಹೊಗಳಿ ಅದೇ ಅವನ ಹೆಸರಾಗಿದೆ. ನನಗೆ ಮೀಟರ್ ಎಂದು ಹೆಸರಿಟ್ಟವನು ಅವನೇ. ಅವನ ಪ್ರಕಾರ ಒಂದು ಆಂಪ್ಲಿಫೈಯರ್ ಬೆಚ್ಚಗಿರುತ್ತದೆ, ಇನ್ನೊಂದಕ್ಕೆ ಮೂಗು ಕಟ್ಟಿರುತ್ತದೆ, ಒಂದು ವೈರಿನಲ್ಲಿ ಸದ್ದು ಬರಿಗಾಲಲ್ಲಿ ಬರುತ್ತದೆ, ಇನ್ನೊಂದರಲ್ಲಿ ಬೂಟು ಹಾಕಿಕೊಂಡು. ಕಳೆದ ತಿಂಗಳು ಗಿರಾಕಿಯೊಬ್ಬರಿಗೆ ಹಾವಿನಷ್ಟು ದಪ್ಪದ ವೈರನ್ನು ಹೀಗೇ ವರ್ಣಿಸುತ್ತಿದ್ದ. ಅವರು ತಿರುಗಿ ನನ್ನನ್ನು ಕೇಳಿದರು. ಎರಡನ್ನೂ ಅಳೆದಿದ್ದೇನೆ, ಎರಡನ್ನೂ ಕೇಳಿದ್ದೇನೆ, ನನಗೇನೂ ವ್ಯತ್ಯಾಸ ಕಾಣಲಿಲ್ಲ ಎಂದೆ. ಅವರು ಎದ್ದು ಹೋದರು. ಕೇಳಿದ್ದಕ್ಕೆ ನಿಜ ಹೇಳಿದೆ. ಸುಳ್ಳು ಹೇಳು ಎಂದು ಮೊದಲೇ ಹೇಳಿದ್ದರೆ ಆ ಹೊತ್ತಿಗೆ ಹೊರಗೆ ಹೋಗಿರುತ್ತಿದ್ದೆ.

ಅವನಿಗೆ ಒಂದು ಪರೀಕ್ಷೆ ಇಡಬೇಕು.

ಮಾರ್ಚ್ 8, ಶನಿವಾರ

ಇಟ್ಟೆ.

ಶನಿವಾರದ ಮಧ್ಯಾಹ್ನ ನಾಲ್ಕು ಜನ ಖಾಯಂ ಗಿರಾಕಿಗಳು ಹರಟೆಗೆ ಬರುತ್ತಾರೆ. ಅವರ ಮುಂದೆಯೇ. ಎರಡು ಜೋಡಿ ಸ್ಪೀಕರ್, ನನ್ನದು ಮತ್ತು ಅವನದು, ಮುಂದೆ ತೆಳು ಬಟ್ಟೆಯ ಪರದೆ. ಎರಡರ ಸದ್ದಿನ ಮಟ್ಟವನ್ನೂ ಮೀಟರಿನಲ್ಲಿ ಸಮ ಮಾಡಿದ್ದೆ, ಯಾಕೆಂದರೆ ಕೂದಲೆಳೆಯಷ್ಟು ಜೋರಾಗಿರುವುದೂ ಜನರಿಗೆ ಚೆನ್ನಾಗಿ ಕೇಳುತ್ತದೆ. ಸ್ವಿಚ್ಚು ನನ್ನ ಕೈಯಲ್ಲಿ. ಕಿವಿಯಣ್ಣ ಕುರ್ಚಿಯಲ್ಲಿ. ನುಡಿಯುತ್ತಿರುವುದು ಯಾರದು ಎಂದು ಹೇಳಬೇಕು, ಅಷ್ಟೇ.

“ಇದಕ್ಕೆಲ್ಲ ಪರೀಕ್ಷೆ ಬೇರೆ ಕೇಡು. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ,” ಎಂದು ಕಾಲ ಮೇಲೆ ಕಾಲು ಹಾಕಿ ಕೂತ.

ಮೊದಲನೆಯದು ತಪ್ಪು. ಎರಡನೆಯದು ಸರಿ. ಆಮೇಲೆ ಮತ್ತೆ ತಪ್ಪು, ತಪ್ಪು. ಕಾಲು ಕೆಳಗಿಳಿಸಿದ. ಮಧ್ಯೆ ಒಮ್ಮೆ, “ಸ್ವಲ್ಪ ಎದ್ದು ಓಡಾಡ್ತೀನಿ, ಇಲ್ಲಿ ಏನೋ ಸರಿಯಾಗ್ತಿಲ್ಲ,” ಎಂದ. ಕುರ್ಚಿ ಬಿಟ್ಟರೆ ಪರೀಕ್ಷೆ ಕೆಡುತ್ತದೆ ಎಂದೆ. ಕೂತ. ಕೊನೆಕೊನೆಗೆ, “ಇದು ನಿಂದು. ತಡಿ, ಅಲ್ಲ, ನಂದು,” ಎನ್ನುತ್ತಿದ್ದ. ಒಟ್ಟು ಹತ್ತರಲ್ಲಿ ಐದು ಸರಿ, ಐದು ತಪ್ಪು.

“ಹಾಗಂದ್ರೆ ಏನಪ್ಪಾ ಅರ್ಥ?” ಎಂದು ಕನ್ನಡಕದ ಗಿರಾಕಿ ನನ್ನನ್ನು ಕೇಳಿದರು.

“ನಾಣ್ಯ ಚಿಮ್ಮಿಸಿ ಹೇಳಿದ್ರೂ ಇಷ್ಟೇ ಸರಿಯಾಗ್ತಿತ್ತು.”

ಯಾರೂ ನಗಲಿಲ್ಲ. ಒಬ್ಬರು ಗಡಿಯಾರ ನೋಡಿಕೊಂಡರು. ಕಿವಿಯಣ್ಣ ಎದ್ದು ಪರದೆಯ ಬಟ್ಟೆ ಮಡಚಿ ಮೇಜಿನ ಮೇಲಿಟ್ಟ. ಅಂಚಿಗೆ ಅಂಚು ಸೇರಿಸಿ, ನಿಧಾನಕ್ಕೆ.

ನಾನು ಗೆದ್ದೆ. ಅಕ್ಕನಿಗೆ ಹೇಳಬೇಕೆಂದು ಓಡಿ ಬಂದೆ. ಆಸ್ಪತ್ರೆಯಲ್ಲಿ ಅವಳಿಗೆ ಈ ವಾರವೂ ರಾತ್ರಿಪಾಳಿ. ಒಲೆಯ ಮೇಲೆ ಮುಚ್ಚಿಟ್ಟ ಪಾತ್ರೆ, ಬಾಗಿಲ ಹಿಂದೆ ಒದ್ದೆ ಟವೆಲು. ಅಮ್ಮ ಹೋದ ಮೇಲೆ ಈ ಮನೆಯಲ್ಲಿ ನಾವಿಬ್ಬರೇ, ಆದರೆ ಇಬ್ಬರೂ ಒಟ್ಟಿಗೆ ಇರುವುದು ಭಾನುವಾರ ಮಾತ್ರ, ಅದೂ ಅವಳು ನಿದ್ದೆಯಿಂದ ಎದ್ದರೆ.

ಮಾರ್ಚ್ 10, ಸೋಮವಾರ

“ಇಕ್ಕಳ ಕೊಡಪ್ಪ.” ಇವತ್ತು ಕಿವಿಯಣ್ಣ ನನ್ನ ಜೊತೆ ಆಡಿದ ಮಾತು ಇಷ್ಟೇ. ಮೀಟರ್ ಎನ್ನಲಿಲ್ಲ.

ಮಾರ್ಚ್ 13, ಗುರುವಾರ

ಪರೀಕ್ಷೆ ಸಾಕಾಗಲಿಲ್ಲವಂತೆ. “ನಾಲ್ಕು ಜನ ಹರಟೆಮಲ್ಲರು ಸ್ಪೀಕರ್ ಕೊಳ್ಳಲ್ಲ ಕಣೋ. ಮನೇಲಿಟ್ಟು ದಿನಾ ಕೇಳೋರು ಹೇಳ್ಬೇಕು,” ಎಂದರು ಯಜಮಾನರು. ನನ್ನ ಜೋಡಿಯನ್ನು ಟೀಚರ್ ಮನೆಗೆ ಕಳಿಸಿದ್ದಾರೆ. ಟೀಚರ್ ಅಂಗಡಿಯ ಹಳೇ ಗಿರಾಕಿ. ಭೂಗೋಳ ಕಲಿಸುತ್ತಿದ್ದರಂತೆ, ಈಗ ನಿವೃತ್ತರು. ನಾಲ್ಕಾರು ದಿನ ಮನೆಯಲ್ಲಿಟ್ಟು ನೋಡದೆ ಯಾವುದನ್ನೂ ಕೊಳ್ಳುವುದಿಲ್ಲ. ಅವರು ಇಟ್ಟುಕೊಂಡರೆ ಅಂಗಡಿಯ ಸ್ಪೀಕರ್ ನನ್ನದು. ವಾಪಸ್ ಬಂದರೆ ಕಿವಿಯಣ್ಣನದು.

ವ್ಯಾನಿಗೆ ಹೇರುವಾಗ ಕಿವಿಯಣ್ಣನೂ ಒಂದು ತುದಿ ಹಿಡಿದ. ಎತ್ತು ಎನ್ನಲಿಲ್ಲ, ಇಳಿಸು ಎನ್ನಲಿಲ್ಲ. ಹಿಡಿದ, ಇಟ್ಟ, ಹೋದ. ಮೊದಲಾಗಿದ್ದರೆ ಇಷ್ಟಕ್ಕೇ ಹತ್ತು ಸಲ ಬೈಯುತ್ತಿದ್ದ.

ಅಂಗಡಿ ತುಂಬ ಹಾಡು, ಮಾತು ಮಾತ್ರ ಇಲ್ಲ.

ಮಾರ್ಚ್ 17, ಸೋಮವಾರ

ಟೀಚರ್ ಫೋನ್ ಮಾಡಿದ್ದರು. ಸರಿ ಇಲ್ಲವಂತೆ. ಏನು ಸರಿ ಇಲ್ಲ ಎಂದು ಹೇಳಲು ಅವರಿಗೂ ಬರಲಿಲ್ಲವಂತೆ.

“ನೀನೇ ಹೋಗಿ ಕೇಳಿ ಬಾ,” ಎಂದರು ಯಜಮಾನರು.

ಮೈಕು, ಸ್ಟ್ಯಾಂಡು, ಲ್ಯಾಪ್‌ಟಾಪು ಹೊತ್ತು ಹೋದೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಬಾಗಿಲು ತೆಗೆಯಲು ಬಹಳ ಹೊತ್ತಾಯಿತು. ಒಳಗೆ ಏನನ್ನೋ ಎಳೆದು ಸರಿಸುವ ಸದ್ದು. ತೆಗೆದವರು ಎತ್ತರದ ಹೆಂಗಸು, ಕೂದಲು ಒಂದು ಕಡೆ ಒತ್ತಿಹೋಗಿತ್ತು. ನೆಟ್ಟಗೆ ಕುರ್ಚಿಗೆ ಹೋಗಿ ಕೂತರು. ಗೋಡೆಯ ಮೇಲೆ ದೊಡ್ಡ ಭೂಪಟ, ಬಿಸಿಲಿಗೆ ಸಮುದ್ರಗಳೆಲ್ಲ ಬೆಳ್ಳಗಾಗಿವೆ.

“ಯಾವ ಕ್ಲಾಸಪ್ಪಾ ನೀನು?”

“ಬಿಟ್ಟೆ.”

“ಯಾಕೆ?”

“ಕೂರಕ್ಕಾಗಲಿಲ್ಲ.”

ಟೀಚರಾಗಿದ್ದವರು ಏನಾದರೂ ಹೇಳುತ್ತಾರೆಂದು ಕಾದೆ. ಚಹಾ ಕೊಟ್ಟರು.

ಅವರು ಕೂತ ಕುರ್ಚಿಯಲ್ಲಿ ಮೈಕ್ ಇಟ್ಟು ಅಳೆದೆ. ಕೋಣೆಯ ಮೂಲೆಯಿಂದ ಸ್ವಲ್ಪ ಗುಮ್ಮೆನ್ನುತ್ತದೆ, ಅದು ಎಲ್ಲ ಮನೆಯಲ್ಲೂ ಇರುವುದೇ. ಉಳಿದದ್ದು ನೆಟ್ಟಗೆ. ನಾನೇ ಕೂತು ಒಂದು ಹಾಡು ಕೇಳಿದೆ. ಚೊಕ್ಕ. ಅವರನ್ನು ಕೂರಿಸಿ ಅದನ್ನೇ ಹಾಕಿದೆ. “ಈಗ ಸರಿಯಾಗಿದೆಯಲ್ಲ!” ಎಂದು ಅವರೇ ಬೆರಗಾದರು.

ನಾನು ಏನನ್ನೂ ಮುಟ್ಟಿಯೇ ಇರಲಿಲ್ಲ.

ಮಾರ್ಚ್ 18, ಮಂಗಳವಾರ

ಟೀಚರ್ ಮತ್ತೆ ಫೋನ್. ಸರಿ ಇಲ್ಲ.

ಮಾರ್ಚ್ 21, ಶುಕ್ರವಾರ

ಎರಡನೇ ಸಲ ಹೋದೆ. ಮತ್ತೆ ಬಾಗಿಲ ಹಿಂದೆ ಎಳೆದಾಟ, ಮತ್ತೆ ಕುರ್ಚಿ, ಮತ್ತೆ ಚಹಾ. ಗೆರೆ ಅದೇ. ಅವರಿಗೂ ಸರಿಯಾಗಿಯೇ ಕೇಳುತ್ತಿದೆ.

“ನೀನು ಬಂದ್ರೆ ಸರಿ ಹೋಗುತ್ತಪ್ಪ. ಡಾಕ್ಟರ ಮುಂದೆ ಕೂತ ತಕ್ಷಣ ಹಲ್ಲುನೋವು ಹೋಗಿಬಿಡುತ್ತಲ್ಲ, ಹಾಗೆ. ನೀನು ಮೆಟ್ಟಿಲು ಇಳಿದೆಯೋ, ಹಾಡೋರೆಲ್ಲ ಸೆರಗು ಬಾಯಿಗೆ ಅಡ್ಡ ಹಿಡ್ಕೊಂಡುಬಿಡ್ತಾರೆ.”

ನನಗೆ ಸಿಟ್ಟು ಬಂತು. ಈ ಜೋಡಿ ವಾಪಸ್ ಹೋದರೆ ನನ್ನ ಕಥೆ ಮುಗಿಯಿತು, ಇವರಿಗೆ ಹಲ್ಲುನೋವಿನ ತಮಾಷೆ. “ಸ್ಪೀಕರಲ್ಲಿ ಏನೂ ಇಲ್ಲ ಟೀಚರ್. ಅದು ನಿಮ್ಮ ಭ್ರಮೆ,” ಎಂದೆ.

ಅವರು ಲೋಟವನ್ನು ತಟ್ಟೆಯ ಮೇಲೆ ಒಂದು ಸುತ್ತು ತಿರುಗಿಸಿದರು. “ಇರಬಹುದು. ಒಬ್ಬಳೇ ಇರೋ ಮನೇಲಿ ಅದೂ ಬಂದಿರುತ್ತೆ. ಮುಂದಿನ ವಾರ ವ್ಯಾನ್ ಕಳಿಸಿಬಿಡಿ, ವಾಪಸ್ ತಗೊಂಡು ಹೋಗಿ.”

ನಿಜವನ್ನೇ ಹೇಳಿದೆ. ಆದರೂ ಬಸ್ಸಿನಲ್ಲಿ ಕೂರಲಾಗಲಿಲ್ಲ. ಬಹಳ ಮೊದಲೇ ಇಳಿದು ನಡೆದುಕೊಂಡು ಬಂದೆ.

ಮಾರ್ಚ್ 23, ಭಾನುವಾರ

ಅಕ್ಕ ಮಧ್ಯಾಹ್ನವೇ ಎದ್ದಿದ್ದಳು. ಬಟ್ಟೆ ಮಡಚುತ್ತ ಕೂತಿದ್ದಳು. ನಾನು ಕೋಣೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತಿದ್ದೆ.

“ಪಂಜರದ ಕರಡಿ ಥರ ಆಡಬೇಡ. ಏನಾಗಿದೆ ಬೊಗಳು.”

ಟೀಚರ್ ವಿಷಯವನ್ನೆಲ್ಲ ಹೇಳಿದೆ. ಸ್ಪೀಕರ್ ವಾಪಸ್ ಬರುತ್ತದೆ, ಕಾರಣ ಯಾರಿಗೂ ಗೊತ್ತಿಲ್ಲ, ಎರಡೆರಡು ಸಲ ಹೋಗಿ ಕೇಳಿ ಬಂದೆ ಎಂದೆ.

“ಏನಂದ್ರು?”

“ಯಾರು?”

“ಟೀಚರು! ಹೋಗಿ ಕೇಳಿದೆ ಅಂದ್ಯಲ್ಲ, ಏನಂದ್ರು?”

“ಅವರನ್ನಲ್ಲ. ಸ್ಪೀಕರ್ ಕೇಳಿದೆ. ಯಜಮಾನ್ರು ಕೇಳಿ ಬಾ ಅಂದ್ರು, ಕೇಳಿ ಬಂದೆ. ಅಳೆದೂ ಬಂದೆ.”

ಅಕ್ಕ ಕೈಯಲ್ಲಿದ್ದ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ನಕ್ಕಳು. ಬಹಳ ದಿನಗಳ ಮೇಲೆ ಅವಳು ಹಾಗೆ ನಗುವುದನ್ನು ನೋಡಿದ್ದು. “ಅಯ್ಯೋ ಪೆದ್ದು ಮುಂಡೇದೇ! ಕೇಳಿ ಬಾ ಅಂದ್ರೆ ಅವರನ್ನ ಹೋಗಿ ಕೇಳು ಅಂತ ಕಣೋ. ಬಾಯಲ್ಲಿ! ನಾನು ವಾರ್ಡಲ್ಲಿ ಥರ್ಮಾಮೀಟರ್ ಇಟ್ಟು, ಸ್ಕ್ರೀನ್ ನೋಡಿ, ಎಲ್ಲಿ ನೋವು ಅಂತ ಕೇಳದೇ ಬಂದ್ರೆ ಹೇಗಿರುತ್ತೆ?”

“ಅವರೇ ಹೇಳಬಹುದಿತ್ತಲ್ಲ.”

“ಕೇಳದೇ ಯಾರು ಹೇಳ್ತಾರೆ? ನೀನು ಹೇಳ್ತೀಯಾ?”

ಅವಳ ಜೊತೆ ಕೂತು ದುಪ್ಪಟಿಯ ಎರಡು ತುದಿ ಹಿಡಿದು ಮಡಚಿದೆ.

ಮಾರ್ಚ್ 24, ಸೋಮವಾರ

ಯಜಮಾನರಿಗೆ ಹೇಳದೆ ಮೂರನೇ ಸಲ ಹೋದೆ. ಮೈಕನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಟೀಚರ್ ಕುರ್ಚಿಯಲ್ಲಿ ಕೂತರು. ನಾನು ಕೇಳಿದೆ:

“ನಾನಿಲ್ಲದಾಗ ನೀವು ಎಲ್ಲಿ ಕೂತು ಕೇಳ್ತೀರಿ?”

ಅವರ ಮುಖ ಕೆಂಪಾಯಿತು. ಕಿಟಕಿಯ ಕಡೆ ನೋಡಿದರು. “ಕೂರಲ್ಲ ಕಣಪ್ಪ.”

ಬೆನ್ನುಮೂಳೆ ಸವೆದಿದೆಯಂತೆ. ಕುರ್ಚಿಯಲ್ಲಿ ಕೂತರೆ ಕಾಲು ಗಂಟೆಗೇ ಜೀವ ಹೋಗುತ್ತದಂತೆ. ಚಾಪೆಯ ಮೇಲೆ ತೆಳು ಹಾಸಿಗೆ ಹಾಕಿ ನೆಲದಲ್ಲಿ ಮಲಗಿರುತ್ತಾರೆ, ಹಾಡು ಕೇಳುವುದೂ ಹಾಗೆಯೇ. ಬಾಗಿಲು ತಟ್ಟಿದಾಗ ಎಳೆದು ಸರಿಸುವುದು ಆ ಹಾಸಿಗೆಯನ್ನು. “ಹಗಲು ಹೊತ್ತು ನೆಲದ ಮೇಲೆ ಬಿದ್ಕೊಂಡಿರೋ ಟೀಚರ್ನ ಯಾರಾದ್ರೂ ನೋಡಿದ್ರೆ ಚೆನ್ನಾಗಿರುತ್ತಾ? ನೀನು ಬಂದಾಗೆಲ್ಲ ನೆಟ್ಟಗೆ ಕೂತೆ. ನೀನು ಹೋದ ಮೇಲೆ ಬೆನ್ನು ಹಿಡ್ಕೊಂಡೆ.”

“ಹಾಸಿಗೆ ಹಾಕಿ,” ಎಂದೆ.

ಅವರು ಮಲಗಿದರು. ಪಕ್ಕದಲ್ಲಿ ಬರಿನೆಲದ ಮೇಲೆ ನಾನೂ ಮಲಗಿದೆ. ಹಾಡು ಶುರುವಾಯಿತು. ಹಾಡುವವಳು ಇಲ್ಲಿರಲಿಲ್ಲ. ಎಲ್ಲೋ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ನೆಲದ ಮೇಲೆ ಮೈಕಿಟ್ಟು ಅಳೆದೆ. ಗೆರೆಯ ನಡುವೆ, ಕೋನೂ ಟ್ವೀಟರೂ ಕೆಲಸ ಹಂಚಿಕೊಳ್ಳುವ ಜಾಗದಲ್ಲಿ, ಬಾವಿಯಂಥ ಹಳ್ಳ. ಎರಡರ ಸದ್ದು ಕುರ್ಚಿಯ ಎತ್ತರದಲ್ಲಿ ಒಂದನ್ನೊಂದು ಕೂಡುತ್ತದೆ, ಕೆಳಗೆ ಬಂದರೆ ಒಂದನ್ನೊಂದು ಕಳೆಯುತ್ತದೆ. ಮನುಷ್ಯರ ದನಿಯ ಚೂಪೆಲ್ಲ ಇರುವುದು ಅಲ್ಲೇ. ಇಷ್ಟು ತಿಂಗಳು ನಾನು ಒಂದೇ ಒಂದು ಎತ್ತರದಲ್ಲಿ ಅಳೆದಿದ್ದೆ. ಆ ಎತ್ತರದಲ್ಲಿ ಇವರು ಇರಲೇ ಇಲ್ಲ.

ಕುರ್ಚಿಗಿಂತ ಮೇಲುಗಡೆ ಅಳೆದರೆ ಹಳ್ಳ ಅಷ್ಟು ಆಳವಿರಲಿಲ್ಲ. ಎರಡೂ ಸ್ಪೀಕರುಗಳನ್ನು ತಲೆಕೆಳಗು ಮಾಡಿ ನಿಲ್ಲಿಸಿದೆ. ಈಗ ಒಳ್ಳೆಯ ಬದಿ ನೆಲದ ಕಡೆಗೆ. ಕುರ್ಚಿಗೆ ಸ್ವಲ್ಪ ಕೆಟ್ಟಿತು, ಅದನ್ನೂ ಹೇಳಿದೆ.

ಟೀಚರ್ ಕಣ್ಣು ಮುಚ್ಚಿ ಮಲಗಿದ್ದರು. “ಬಂದಳು,” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಭ್ರಮೆ ಅಲ್ಲ ಹಾಗಾದ್ರೆ.”

“ಅಲ್ಲ ಟೀಚರ್. ನಾನು ಹಾಗೆ ಹೇಳಬಾರದಿತ್ತು.”

“ಚಹಾ ನೀನೇ ಮಾಡ್ಕೋ. ನಾನು ಏಳಲ್ಲ,” ಎಂದರು. ಮಾಡಿದೆ, ಇಬ್ಬರಿಗೂ. ನೆಲದ ಮೇಲೆ ಕೂತು ಕುಡಿದೆ. ಭೂಪಟ ಅಲ್ಲಿಂದ ಬಹಳ ದೊಡ್ಡದಾಗಿ ಕಾಣುತ್ತದೆ. ಇವುಗಳಲ್ಲಿ ಯಾವ ಊರಿಗೆ ಹೋಗಿದ್ದೀರಿ ಎಂದು ಕೇಳಿದೆ. ಒಂದಕ್ಕೂ ಇಲ್ಲ ಎಂದರು, ಆದರೆ ಒಂದೊಂದರ ಬಗ್ಗೆಯೂ ಹೇಳಿದರು. ಅಂಗಡಿಗೆ ತಡವಾಯಿತು.

ಮಾರ್ಚ್ 25, ಮಂಗಳವಾರ

ಅಂಗಡಿ ತೆರೆಯುವ ಮೊದಲೇ ಹೋದೆ. ಹಿಂದಿನ ಕೋಣೆಯಲ್ಲಿ ನನ್ನ ಕ್ರಾಸೋವರಿನ ಇನ್ನೊಂದು ಜೋಡಿ ಇದೆ. ಹಾಡು ಹಾಕಿ ಕಿವಿಯಣ್ಣನ ಗಿಡ್ಡ ಸ್ಟೂಲಿನ ಮೇಲೆ ಕೂತೆ.

ಅಡುಗೆಮನೆಯ ಬಾಗಿಲು.

ಕಿವಿಯಣ್ಣನ ಜೋಡಿಗೆ ಬದಲಾಯಿಸಿದೆ. ಹಾಡುವವಳು ಎದುರಿಗೆ ಬಂದು ನಿಂತಳು. ಕುರ್ಚಿಗೆ ಹೋಗಿ ಕೂತೆ. ಅಲ್ಲಿ ಅವರದಕ್ಕೂ ನನ್ನದಕ್ಕೂ ವ್ಯತ್ಯಾಸವೇ ಇಲ್ಲ. ಮತ್ತೆ ಸ್ಟೂಲು. ಮತ್ತೆ ಕುರ್ಚಿ. ಇಪ್ಪತ್ತು ವರ್ಷದಿಂದ ಅವರು ಕೇಳಿದ್ದೆಲ್ಲ ಈ ಸ್ಟೂಲಿನಿಂದ. ನಾನು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಏಳುತ್ತೇನೆ ಎಂದರೂ ಬಿಡದೆ, ಕೇಳುತ್ತಿದೆಯಾ ಎಂದು ಪರೀಕ್ಷೆ ಮಾಡಿದೆ.

ವೈರಿನ ವಿಷಯದಲ್ಲಿ ಅವರು ಹೇಳುವುದು ಈಗಲೂ ತಪ್ಪೇ. ಅದನ್ನು ಇವತ್ತೂ ಹೇಳುತ್ತೇನೆ. ಆದರೆ ಇದರಲ್ಲಿ ಅವರಿಗೆ ಸರಿಯಾಗಿ ಕೇಳಿತ್ತು.

ಮಾರ್ಚ್ 26, ಬುಧವಾರ

ಬೆಳಿಗ್ಗೆ ಯಜಮಾನರೇ ಬೆನ್ನು ತಟ್ಟಿದರು. “ಟೀಚರ್ ಫೋನ್ ಮಾಡಿದ್ರು. ಇಟ್ಕೋತಾರಂತೆ. ತಲೆಕೆಳಗಾಗೇ ಇರ್ಲಿ, ತಿರುಗಿಸಬೇಡಿ ಅಂದ್ರು. ಅದೇನು ಮಾಡಿದೆಯೋ! ಹೋಗ್ಲಿ, ನಮ್ಮ ಸ್ಪೀಕರ್ ನಿಂದೇ.”

ಇಲ್ಲ ಎಂದೆ. ಕಿವಿಯಣ್ಣ ಅಲ್ಲೇ ಬೆಸುಗೆ ಹಾಕುತ್ತಿದ್ದರು. ಇಬ್ಬರಿಗೂ ಕೇಳುವ ಹಾಗೆ ಎಲ್ಲವನ್ನೂ ಹೇಳಿದೆ: ನೆಲ, ಸ್ಟೂಲು, ಹಳ್ಳ. ಅವತ್ತಿನ ಪರೀಕ್ಷೆಯನ್ನು ಕುರ್ಚಿಯಲ್ಲಿ ಮಾಡಿದ್ದು ನನ್ನ ತಪ್ಪು, ಸ್ಟೂಲಿನಲ್ಲಿ ಮಾಡಿದ್ದರೆ ಅವರು ಹತ್ತಕ್ಕೆ ಹತ್ತು ಹೇಳುತ್ತಿದ್ದರು ಎಂದೆ. ಬೇಕಾದರೆ ಈಗಲೇ ಮತ್ತೆ ಪರೀಕ್ಷೆ ಮಾಡೋಣ ಎಂದೂ ಅಂದೆ.

ಕಿವಿಯಣ್ಣ ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿನಲ್ಲಿಟ್ಟರು.

“ಅವತ್ತು ನಾಲ್ಕು ಜನ ಇದ್ರು,” ಎಂದರು. “ಇವತ್ತು ಯಾರಿದ್ದಾರಪ್ಪ?”

ಯಜಮಾನರು ಏನೋ ಸಮಾಧಾನ ಹೇಳಲು ಹೋದರು. ಕಿವಿಯಣ್ಣ ಕೈ ಅಡ್ಡ ಹಿಡಿದು ಮತ್ತೆ ಕೆಲಸಕ್ಕೆ ಬಗ್ಗಿದರು.

ಮಾರ್ಚ್ 29, ಶನಿವಾರ

ಇವತ್ತು ಆ ನಾಲ್ವರು ಬಂದರೆ ಅವರ ಮುಂದೆಯೇ ಹೇಳಬೇಕೆಂದು ಕಾದಿದ್ದೆ. ಬಂದದ್ದು ಕನ್ನಡಕದವರೊಬ್ಬರೇ. ಪರೀಕ್ಷೆ ತಪ್ಪಾಗಿತ್ತು, ತಪ್ಪು ನನ್ನದು ಎಂದು ಶುರು ಮಾಡಿದೆ.

“ಯಾವ ಪರೀಕ್ಷೆ? ಓ, ಅದಾ! ಪಾಪ, ಅವರಿಗೆ ಕಿವಿ ಮಂದ ಆಗಿದೆಯಂತಲ್ಲ? ಪೇಟೇಲೆಲ್ಲ ಮಾತಾಡ್ಕೋತಿದ್ದಾರೆ. ವಯಸ್ಸು ಯಾರನ್ನ ಬಿಡುತ್ತೆ ಹೇಳು.”

ಮಂದ ಆಗಿಲ್ಲ ಎಂದೆ. ಮತ್ತೆ ಮೊದಲಿನಿಂದ ಹೇಳಿದೆ. ಅವರು ಹೂಂ ಹೂಂ ಎನ್ನುತ್ತ ರಿಮೋಟಿನ ಗುಂಡಿ ಒತ್ತಿ ನೋಡುತ್ತಿದ್ದರು.

ಕಿವಿಯಣ್ಣ ಒಳಗಿದ್ದರು. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಸಂಜೆ ಯಜಮಾನರ ಜೊತೆ ಬಾಗಿಲು ಮುಂದೆ ಮಾಡಿಕೊಂಡು ಮಾತಾಡಿದರು. ಊರಿನ ಆ ಕೊನೆಯಲ್ಲಿರುವ ಸಭಾಂಗಣದಲ್ಲಿ ಮೈಕು, ಸ್ಪೀಕರ್ ನೋಡಿಕೊಳ್ಳುವ ಕೆಲಸ ಸಿಕ್ಕಿದೆಯಂತೆ. ಸೋಮವಾರದಿಂದ ಬರುವುದಿಲ್ಲ.

ಮಾರ್ಚ್ 31, ಸೋಮವಾರ

ಸ್ಟೂಲು ಖಾಲಿ.

ಏಪ್ರಿಲ್ 1, ಮಂಗಳವಾರ

ಬಡಗಿ ಹೊಸ ಪೆಟ್ಟಿಗೆಗಳನ್ನು ತಂದು ಇಳಿಸಿದ. ಯಜಮಾನರು ನನ್ನದನ್ನೇ ಮಾಡು ಎಂದಿದ್ದಾರೆ. ನಾನು ಕ್ರಾಸೋವರನ್ನು ಬಿಚ್ಚಿ ಬೇರೆ ಥರ ಕಟ್ಟಿದ್ದೇನೆ, ಕಿವಿಯಣ್ಣನದರಿಂದ ಒಂದಿಷ್ಟು ತೆಗೆದುಕೊಂಡು. ಕೂತರೂ, ಮಲಗಿದರೂ, ನಿಂತರೂ ಹಾಡುವವಳು ಒಳಗೇ ಇರಬೇಕು ಎಂದು. ಕುರ್ಚಿಯಲ್ಲಿ ಗೆರೆ ಈಗ ಮೊದಲಿನಷ್ಟು ನೆಟ್ಟಗಿಲ್ಲ, ಒಂದು ಕಡೆ ಗೂನು ಬಂದಿದೆ. ಹಾಗೇ ಬಿಟ್ಟಿದ್ದೇನೆ.

ಕುರ್ಚಿಯಿಂದ ಕೇಳಿದೆ, ಸ್ಟೂಲಿನಿಂದ, ನೆಲದಿಂದ, ಬಾಗಿಲಿಂದ. ಚೆನ್ನಾಗಿದೆಯೋ ಇಲ್ಲವೋ ತಿಳಿಯುತ್ತಿಲ್ಲ. ಯಜಮಾನರನ್ನು ಕೇಳಿದರೆ ಫಸ್ಟ್ ಕ್ಲಾಸ್ ಎನ್ನುತ್ತಾರೆ, ಅವರಿಗೆ ಎಲ್ಲವೂ ಫಸ್ಟ್ ಕ್ಲಾಸೇ. ಅಕ್ಕನಿಗೆ ಫೋನ್ ಮಾಡಿ ಕೇಳಿಸಿದೆ. “ಫೋನಲ್ಲಿ ಏನೋ ಗೊತ್ತಾಗುತ್ತೆ ಕತ್ತೆ,” ಎಂದಳು. ಆದರೂ ಹಾಡು ಮುಗಿಯುವ ತನಕ ಇಡಲಿಲ್ಲ. ಕಾಲು ನೋವು ಹೇಗಿದೆ ಎಂದು ಕೇಳಿದೆ. ನಿಂಗ್ಯಾರು ಹೇಳಿದ್ದು ಎಂದಳು. ಯಾರೂ ಹೇಳಿಲ್ಲ, ನೀನು ಕುಂಟುತ್ತ ಹೋಗುವುದು ಕಂಡಿತು ಎಂದೆ. ಆಮೇಲೆ ಅವಳು ಬಹಳ ಹೊತ್ತು ಮಾತಾಡಿದಳು, ವಾರ್ಡಿನಲ್ಲಿ ಯಾರೋ ಕರೆಯುವವರೆಗೆ.

ಏಪ್ರಿಲ್ 2, ಬುಧವಾರ

ಸಂಜೆ ಕಿವಿಯಣ್ಣ ಬಂದರು, ತಮ್ಮ ಸಾಮಾನು ತೆಗೆದುಕೊಂಡು ಹೋಗುವುದಕ್ಕೆ. ಗಿರಾಕಿಗಳು ಬರುವ ಬಾಗಿಲಿನಿಂದ ಬಂದರು. ಬೆಸುಗೆ ಕಡ್ಡಿಯನ್ನು ಹಳೇ ಬನಿಯನ್ನಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

“ಬದಲಾಯ್ಸಿದ್ದೀನಿ. ಒಂದ್ಸಲ ಕೇಳಿ ಹೋಗಿ,” ಎಂದೆ.

“ಹೊತ್ತಾಯ್ತಪ್ಪ.”

“ಒಂದೇ ಹಾಡು.”

ಕುರ್ಚಿ ಎಳೆಯಲಿಲ್ಲ, ಸ್ಟೂಲನ್ನೂ ತೋರಿಸಲಿಲ್ಲ. ಅವರು ಬಾಗಿಲ ಹತ್ತಿರವೇ ನಿಂತರು, ಚೀಲ ಹೆಗಲ ಮೇಲೆ. ಹಾಡು ಮುಗಿಯಿತು.

“ಚೆನ್ನಾಗಿದೆ,” ಎಂದರು. ಯಜಮಾನರಿಗೆ ಕೈ ಎತ್ತಿ ಹೊರಟರು.

ಚೆನ್ನಾಗಿದೆ. ನಾನು ಇಲ್ಲಿಗೆ ಸೇರಿದಾಗಿನಿಂದ ಈ ಮನುಷ್ಯ ಯಾವ ಸದ್ದಿಗೂ ಬರೀ ಚೆನ್ನಾಗಿದೆ ಎಂದದ್ದಿಲ್ಲ. ಮೂಗು ಕಟ್ಟಿದೆ ಎಂದಿದ್ದಾರೆ, ಬೂಟು ಹಾಕಿದೆ ಎಂದಿದ್ದಾರೆ, ಇದನ್ನು ಮಾಡಿದವನ ಕೈ ಮುರಿಯಲಿ ಎಂದಿದ್ದಾರೆ. ಚೆನ್ನಾಗಿದೆ ಎನ್ನುವುದು ದಾರಿಯಲ್ಲಿ ಸಿಕ್ಕ ಯಾರೋ ಒಬ್ಬರಿಗೆ ಹೇಳುವ ಮಾತು. ನಾನು ಆಂಪ್ಲಿಫೈಯರನ್ನೂ ಆರಿಸದೆ ಓಡಿದೆ.

ಬಸ್ ನಿಲ್ದಾಣದಲ್ಲಿ ಒಬ್ಬರೇ ನಿಂತಿದ್ದರು.

“ಸುಳ್ಳು ಹೇಳಿದ್ರಿ.”

“ಏನು?”

“ಚೆನ್ನಾಗಿದೆ ಅಂದ್ರಲ್ಲ, ಅದು. ಸುಳ್ಳು.”

ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಈಗ ನಂಗೆ ಇನ್ನೊಂದು ಪರೀಕ್ಷೆನಾ?”

“ಅಲ್ಲ. ಸರಿ ಇಲ್ಲ ಅಂತ ಗೊತ್ತಾಗ್ತಿದೆ. ಏನು ಅಂತ ಗೊತ್ತಾಗ್ತಿಲ್ಲ. ನೀವು ಹೇಳ್ಬೇಕು.”

ರಸ್ತೆಯ ಕಡೆ ನೋಡಿದರು. ಚೀಲವನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡರು. ಹೇಳುವುದಿಲ್ಲ ಎಂದುಕೊಂಡೆ.

“ಹಾಡೋಳು ಮುಂದೆ ಬಂದಿದ್ದಾಳೆ, ಇಲ್ಲ ಅನ್ನಲ್ಲ,” ಎಂದರು, ರಸ್ತೆಗೆ ಹೇಳುವವರ ಹಾಗೆ. “ಆದ್ರೆ ಬರೋ ಸಡಗರದಲ್ಲಿ ಪಕ್ಕದಲ್ಲಿ ತಂತಿ ಮೀಟ್ತಿದ್ದವನ ಕಾಲು ತುಳಿದುಬಿಟ್ಟಿದ್ದಾಳೆ. ಅವನು ಪಾಪ, ಗೋಡೆಗೆ ಒರಗಿ ನಿಂತಿದ್ದಾನೆ. ಕೇಳ್ತಾ ನಿಂಗೆ ಅದು?”

“ಇಲ್ಲ.”

“ಎಲ್ಲಿ ಕೇಳುತ್ತೆ! ನೀನು ಅವಳನ್ನೇ ಬಾಯಿ ಬಿಟ್ಕೊಂಡು ನೋಡ್ತಿದ್ದೀಯ. ಎರಡನೇ ಸಾಲು ಮುಗಿದು ಅವಳು ಉಸಿರು ಎಳ್ಕೊಳ್ತಾಳಲ್ಲ, ಆಗ ಅವನ ಬೆರಳು ಹೀಗೆ, ನೋಡಿಲ್ಲಿ, ಹೀಗೆ ಜಾರುತ್ತೆ…”

ಬಸ್ಸು ಬಂದು ನಿಂತಿತು. ಬಾಗಿಲು ತೆರೆಯಿತು. ಅವರು ಗಾಳಿಯಲ್ಲಿ ಎರಡು ಬೆರಳು ಎತ್ತಿ ಹಿಡಿದಿದ್ದರು.

“ನಿಮ್ಮ ಬಸ್ಸು,” ಎಂದೆ.

“ಮಧ್ಯೆ ಬಾಯಿ ಹಾಕಬೇಡ್ವೋ.”

ಬಸ್ಸು ಹೋಯಿತು. ಆಮೇಲೆ ಏನಾಗುತ್ತೆ ಎಂದು ಕೇಳಿದೆ.